ಶೆಡ್ಡಿಗೆ ಬಂದ ವಾಣ

ಸಂಕ್ರಾಂತಿ ಬಂತೆಂದರೆ ನಮ್ಮ ಸೊಸೈಟಿಯ ಹೆಂಗಸರೆಲ್ಲ ಒಬ್ಬರಿಗೊಬ್ಬರು ಸೋಪಿನ ಡಬ್ಬಿ ಕೊಟ್ಟುಕೊಳ್ಳುತ್ತೇವೆ. ಸೋಪಿನ ಡಬ್ಬಿಯೇ ಆಗಬೇಕೆಂದಿಲ್ಲ. ಚಹಾ ಸೋಸುವ ಜಾಲರಿ, ಪ್ಲಾಸ್ಟಿಕ್ ಬಟ್ಟಲು, ಅಂಗೈಯಷ್ಟು ಪರ್ಸು, ಏನಾದರೂ ನಡೆಯುತ್ತದೆ. ಇದಕ್ಕೆ ಇಲ್ಲಿ ವಾಣ ಎನ್ನುತ್ತಾರೆ. ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ದಿನಕ್ಕೊಂದು ಮನೆಯಲ್ಲಿ ಅರಿಶಿನ ಕುಂಕುಮ. ಹೋದ ಮನೆಯಲ್ಲೆಲ್ಲ ಕುಂಕುಮ ಹಚ್ಚಿಸಿಕೊಂಡು, ಎಳ್ಳುಂಡೆ ತಿಂದು, ಒಂದು ವಾಣ ಹಿಡಿದುಕೊಂಡು ಬರಬೇಕು. ಹದಿನೈದು ಮನೆಗೆ ಹೋದರೆ ಹದಿನೈದು ವಾಣ. ಧಾರವಾಡದಲ್ಲಿ ನಾನು ಹುಡುಗಿಯಾಗಿದ್ದಾಗ ಕುಸುರೆಳ್ಳು, ಕಬ್ಬು, ಬಾರಿಹಣ್ಣು ಕೊಟ್ಟರೆ ಹಬ್ಬ ಆದಂತೆ. ತಿಂದರೆ ಮುಗಿಯಿತು, ಸಿಪ್ಪೆ ಪಕ್ಕದ ಮನೆಯ ಎಮ್ಮೆಗೆ. ಮದುವೆಯಾಗಿ ಪುಣೆಗೆ ಬಂದ ಮೇಲೆ ನಾನೂ ವಾಣ ಕೊಡುವುದನ್ನು ಕಲಿತೆ. ಕಲಿತದ್ದಷ್ಟೇ ಅಲ್ಲ, ಅದರಲ್ಲಿ ಹೆಸರು ಮಾಡಿದೆ. ಬೇರೆಯವರ ಹಾಗೆ ಯಾರೋ ಕೊಟ್ಟದ್ದನ್ನೇ ತಿರುಗಿಸಿ ಇನ್ಯಾರಿಗೋ ಕೊಟ್ಟವಳಲ್ಲ ನಾನು. ಅಂಗಡಿ ಅಂಗಡಿ ತಿರುಗಿ ಆರಿಸಿ ತರುವವಳು.

ನಾನು ಹಡಪಸರದ ಒಂದು ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಯಜಮಾನರು ರಾಂಜಣಗಾಂವದ ಕಾರ್ಖಾನೆಯಲ್ಲಿದ್ದರು. ಅವರು ಬೆಳಗ್ಗೆ ಕಂಪನಿ ಬಸ್ಸು ಹತ್ತಿದರೆ ಮನೆಯಲ್ಲಿ ನನ್ನದೇ ಆಡಳಿತ, ಸಂಜೆ ಇಳಿದ ಮೇಲೂ ನನ್ನದೇ. ಹೇಳಿದ್ದನ್ನು ಎರಡು ಸಲ ಹೇಳುವುದು, ಬರೆದು ಅಂಟಿಸುವುದು, ಇವೆರಡೂ ಶಾಲೆಯಿಂದ ಬಂದ ಅಭ್ಯಾಸಗಳು. ಅಡಿಗೆಮನೆಯ ಪ್ರತಿ ಡಬ್ಬಿಗೂ ಬಿಳಿ ಪಟ್ಟಿ ಅಂಟಿಸಿ ಅದರ ಮೇಲೆ ದಪ್ಪ ಕನ್ನಡ ಅಕ್ಷರಗಳಲ್ಲಿ ಒಳಗೇನಿದೆ ಎಂದು ಬರೆಯುತ್ತೇನೆ. ಅಡಿಗೆಗೆ ಬರುವ ಮರಾಠಿ ಹೆಂಗಸು ಅದರಲ್ಲಿ ಒಂದಕ್ಷರ ಓದಲಾರಳು, ಮೂಸಿ ನೋಡಿಯೇ ಕಂಡುಹಿಡಿಯುತ್ತಾಳೆ. ಆದರೂ ನಾನು ಬಿಟ್ಟಿಲ್ಲ.

ನಾಲ್ಕು ವರ್ಷಗಳ ಹಿಂದೆ, ಪ್ಲಾಸ್ಟಿಕ್ಕಿನಲ್ಲಿ ಕಾಳುಕಡಿ ಇಡಬಾರದೆಂದು ಎಲ್ಲೋ ಓದಿದೆ. ಓದಿದ ಮೇಲೆ ತಡ ಮಾಡುವ ಜಾತಿ ನನ್ನದಲ್ಲ. ಒಂದೇ ಮಧ್ಯಾಹ್ನದಲ್ಲಿ ಮನೆಯ ಪ್ಲಾಸ್ಟಿಕ್ ಡಬ್ಬಿಗಳನ್ನೆಲ್ಲ ಎರಡು ದೊಡ್ಡ ಚೀಲಕ್ಕೆ ತುಂಬಿ ಹೊರಗಿಟ್ಟು, ಸಾಲಾಗಿ ಗಾಜಿನ ಬರಣಿ ಜೋಡಿಸಿದೆ. "ನಮ್ಮನಿಯೊಳಗ ಈಗ ಪ್ಲಾಸ್ಟಿಕ್ಕ ಇಲ್ಲರಿ" ಎಂದು ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದೆ. ಭೂಮಿಗೆ ದೊಡ್ಡ ಉಪಕಾರ ಮಾಡಿದ ಸಮಾಧಾನ.

ನಮ್ಮಲ್ಲಿ ಮನೆಮನೆಗೆ ಬಂದು ಕಸ ಒಯ್ಯುವವಳು ಅಕ್ಕಲಕೋಟದ ಕಡೆಯವಳು. ಮೊದಮೊದಲು ನಾವಿಬ್ಬರೂ ಮರಾಠಿಯಲ್ಲೇ ಮಾತಾಡುತ್ತಿದ್ದೆವು. ಒಂದು ಬೆಳಗ್ಗೆ ಲಿಫ್ಟು ಎರಡು ಮಹಡಿಗಳ ನಡುವೆ ನಿಂತುಬಿಟ್ಟಾಗ, ಒಳಗೆ ಸಿಕ್ಕಿಬಿದ್ದ ಅವಳು ಅದರ ವಂಶವನ್ನೆಲ್ಲ ಕನ್ನಡದಲ್ಲಿ ಜಾಲಾಡುವುದು ಕೇಳಿಸಿತು. ಹೊರಗೆ ಬಂದವಳನ್ನು ನಿಲ್ಲಿಸಿ, "ಯಾವೂರಾಕಿ ನೀ?" ಅಂದೆ. ಅವಳು ನಾಲಿಗೆ ಕಚ್ಚಿಕೊಂಡಳು, ಆಮೇಲೆ ನಕ್ಕಳು. ಅಂದಿನಿಂದ ನಾನು ಅವಳಿಗೆ ಬಾಯಾರು, ಅವಳು ನನಗೆ ತಂಗಿ. ಕನ್ನಡ ಅವಳಿಗೆ ಬಾಯಲ್ಲಿದೆ, ಓದಲು ಬರುವುದಿಲ್ಲ. ನಾಲ್ಕನೆಯ ಇಯತ್ತೆಯವರೆಗೆ ಓದಿದ್ದು ಮರಾಠಿ ಶಾಲೆಯಲ್ಲಿ.

ಪಂಪಿನ ಮನೆಯ ಪಕ್ಕದಲ್ಲಿ ಅವಳದೊಂದು ತಗಡಿನ ಶೆಡ್ಡು. ಬೆಳಗಿನ ಫೇರಿ ಮುಗಿಸಿ ಅಲ್ಲಿ ಕೂತು ಒಣ ಕಸ ಬೇರ್ಪಡಿಸುತ್ತಾಳೆ. ಹಾಲಿನ ಚೀಲ ಬೇರೆ, ತೆಳು ಚೀಲ ಬೇರೆ, ಬಾಟಲಿ ಬೇರೆ, ಬಾಟಲಿಯ ಮುಚ್ಚಳ ಬೇರೆ, ರಟ್ಟು ಬೇರೆ. ಗಟ್ಟಿ ಪ್ಲಾಸ್ಟಿಕ್ಕಾದರೆ ಉಗುರಿನಿಂದ ಟಕ್ ಎಂದು ಬಡಿದು, ಸಪ್ಪಳ ಕೇಳಿ ಯಾವ ಚೀಲಕ್ಕೆಂದು ನಿರ್ಧರಿಸುತ್ತಾಳೆ. ಇಷ್ಟು ವರ್ಷ ಪಾಠ ಹೇಳಿದ ನನಗೆ ಆ ಸಪ್ಪಳಗಳ ವ್ಯತ್ಯಾಸ ಇವತ್ತಿಗೂ ತಿಳಿದಿಲ್ಲ. ಹೀಗೆ ಬೇರ್ಪಡಿಸಿದ್ದನ್ನು ಭಂಗಾರದವನಿಗೆ, ಅಂದರೆ ಗುಜರಿಯವನಿಗೆ, ಹಾಕಿದ್ದೇ ಅವಳ ದುಡಿಮೆ. ಹಸಿ ಕಸ ಹಿಂದಿನ ಗುಂಡಿಯಲ್ಲಿ ಗೊಬ್ಬರವಾಗುತ್ತದೆ. ನಮ್ಮ ಬಾಲ್ಕನಿಗಳ ಕರಿಬೇವೆಲ್ಲ ಅದನ್ನೇ ಉಂಡು ಬೆಳೆದದ್ದು.

ದಿನಾ ಬೆಳಗ್ಗೆ ತಿರುಗಾಡಲು ಹೋದಾಗ ನಾನು ಶೆಡ್ಡಿನ ಮುಂದೆ ಹತ್ತು ನಿಮಿಷ ನಿಲ್ಲುತ್ತಿದ್ದೆ. ಒಳಗೆ ಹೋಗುತ್ತಿರಲಿಲ್ಲ, ಬಾಗಿಲಲ್ಲೇ ನಿಂತು ಮಾತು. ಅವಳು ಎದ್ದು ಒಳಗಿನಿಂದ ಅಡಿಕೆ ಹಿಡಿದುಕೊಂಡು ಬಂದು ಕೈ ಚಾಚುತ್ತಿದ್ದಳು. "ನಂಗ ರೂಢಿ ಇಲ್ಲವಾ" ಎಂದು ನಾನು ಕೈ ಅಲ್ಲಾಡಿಸುತ್ತಿದ್ದೆ. ಮರುದಿನ ಮತ್ತೆ ಚಾಚುತ್ತಿದ್ದಳು.

ಅವಳು ಕೆಲಸಕ್ಕೆ ಬಂದ ಎರಡನೆಯ ವರ್ಷ, ಸಂಕ್ರಾಂತಿಯ ದಿನ, ಕೈಕಾಲು ತೊಳೆದು ಬೇರೆ ಸೀರೆಯುಟ್ಟು ನಮ್ಮ ಬಾಗಿಲಿಗೆ ಬಂದಿದ್ದಳು. ಕೈಯಲ್ಲಿ ನೀಲಿ ಮುಚ್ಚಳದ ಒಂದು ಹಳದಿ ಡಬ್ಬಿ, ಅದರ ತುಂಬ ಮನೆಯಲ್ಲೇ ಕಟ್ಟಿದ ಎಳ್ಳುಂಡೆ. "ನಿಮಗೊಬ್ಬರಿಗ ತಂದೇನ್ರಿ ಬಾಯಾರ" ಎಂದಳು. "ಭಾಳ ಚಂದ ಅದ ತಂಗಿ, ಇಟ್ಕೋತೀನಿ" ಎಂದು ತೆಗೆದುಕೊಂಡೆ. ಉಂಡೆಗಳಿಗೆ ಬೆಲ್ಲ ತುಸು ಹೆಚ್ಚಾಗಿತ್ತು, ಯಜಮಾನರಿಗೆ ಹಾಗಿದ್ದರೇ ಇಷ್ಟ.

ಹೋದ ಚಳಿಗಾಲದಲ್ಲಿ ನೋಟಿಸ್ ಬೋರ್ಡಿನ ಮೇಲೆ ಒಂದು ಕಾಗದ ಬಂತು. ಶೆಡ್ಡು ತೆಗೆದು ಆ ಜಾಗದಲ್ಲಿ ಇಲೆಕ್ಟ್ರಿಕ್ ಸ್ಕೂಟರ್ ಚಾರ್ಜ್ ಮಾಡುವ ವ್ಯವಸ್ಥೆ. ಕಸವನ್ನು ಇನ್ನು ಮುಂದೆ ಒಬ್ಬ ಗುತ್ತಿಗೆದಾರನ ಮುಚ್ಚಿದ ಗಾಡಿ ಒಯ್ಯುತ್ತದೆ. ರಥಸಪ್ತಮಿಯ ನಂತರದ ಭಾನುವಾರ ಮೀಟಿಂಗು, ಅಲ್ಲಿ ಠರಾವು. ನಮ್ಮ ಚೇರ್ಮನ್ನರು ಕೆಟ್ಟವರಲ್ಲ. ಮಗರಪಟ್ಟಾದ ಆಫೀಸಿಗೆ ಹೋಗುವ ಹುಷಾರು ಮನುಷ್ಯ. ಎಲ್ಲವೂ ಸ್ವಚ್ಛವಾಗಿ, ಮುಚ್ಚಿಕೊಂಡು, ಕಣ್ಣಿಗೆ ಬೀಳದಂತೆ ಇರಬೇಕು ಎನ್ನುವವರು, ಅಷ್ಟೇ.

ಮರುದಿನ ಶೆಡ್ಡಿಗೆ ಹೋದಾಗ ಅವಳಿಗೆ ಆಗಲೇ ಸುದ್ದಿ ಮುಟ್ಟಿತ್ತು. "ಶೆಡ್ಡ ಹೋತಂದ್ರ ನಾನೂ ಹೋದಂಗರಿ" ಎಂದಳು, ಕೈ ನಿಲ್ಲಿಸದೆ. "ಆರಿಸಾಕ ಜಾಗಾ ಇಲ್ಲಂದ್ರ ಒಣ ಕಸ ಒಯ್ದು ಎಲ್ಲಿಡ್ಲಿ? ಮುಚ್ಚಿದ ಗಾಡ್ಯಾಗ ಎಲ್ಲಾ ಕೂಡಿಸಿ ಒತ್ತತಾರ. ಹಂಗ ಒತ್ತಿದ್ದರಾಗ ಆರಿಸಾಕ ಏನೂ ಉಳಿಯಂಗಿಲ್ಲ." ಆಮೇಲೆ, "ಈ ವಯಸ್ಸಿನ್ಯಾಗ ಬ್ಯಾರೆ ಕೆಲಸ ಯಾರ ಕೊಡ್ತಾರ್ರಿ" ಎಂದಳು.

ಸಂಕಟವಾದರೆ ನನಗೆ ಬರುವುದು ಅಳುವಲ್ಲ, ಸಿಟ್ಟು. "ಶೆಡ್ಡ ಎಲ್ಲಿಗೂ ಹೋಗಂಗಿಲ್ಲ. ನಾ ಇದ್ದೀನಲ್ಲ" ಎಂದೆ. ಹೇಗೆಂದು ಮಾತ್ರ ನನಗೂ ಗೊತ್ತಿರಲಿಲ್ಲ. ದಾರಿ ತೋರಿಸಿದ್ದು ಬಾಗಿಲ ಪಕ್ಕದ ಒಂದು ಗೋಣಿಚೀಲ.

ಅದರ ಬಾಯಿ ತೆರೆದೇ ಇತ್ತು. ಮೇಲೆಯೇ ಒಂದು ಎಳೆ ಹಸಿರು ಸೋಪಿನ ಡಬ್ಬಿ, ಇನ್ನೂ ಪ್ಲಾಸ್ಟಿಕ್ ಹೊದಿಕೆಯೊಳಗೇ. ನೋಡಿದ ಕೂಡಲೇ ಗುರುತು ಸಿಕ್ಕಿತು. ಹಿಂದಿನ ಸಂಕ್ರಾಂತಿಗೆ ನಾನು ಕೊಟ್ಟ ವಾಣ! ಕೈ ಹಾಕಿದೆ. ಇನ್ನೊಂದು. ಮತ್ತೊಂದು. ಒಟ್ಟು ಹನ್ನೊಂದು ಎಳೆ ಹಸಿರು ಸೋಪಿನ ಡಬ್ಬಿಗಳು ಹೊರಗೆ ಬಂದವು. ಅವುಗಳ ಜೊತೆಗೆ ಯಾರ್ಯಾರವೋ ಜಾಲರಿ, ಬಟ್ಟಲು, ಪರ್ಸು, ಬಾಚಣಿಗೆ. ಕೆಲವಕ್ಕೆ ಅರಿಶಿನದ ಬೆರಳಿನ ಗುರುತು ಕೂಡ ಇತ್ತು.

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. "ವರ್ಷಾ ಬರತಾವ್ರಿ. ಕೆಲವು ಹಬ್ಬ ಮುಗಿದ ಮರುದಿನಾನ ಬರತಾವ, ಕೆಲವು ದೀಪಾವಳಿ ಸ್ವಚ್ಛ ಮಾಡೋ ಮುಂದ. ನೀವು ಒಬ್ಬರಿಗೊಬ್ಬರು ಕೊಡ್ತೀರಿ, ಆಮ್ಯಾಲ ಎಲ್ಲಾರೂ ಕೂಡಿ ನನಗ ಕೊಡ್ತೀರಿ."

ನನ್ನ ಮೈಯೆಲ್ಲ ಉರಿಯಿತು. "ಎಷ್ಟ ಪ್ರೀತಿಲೆ ಕೊಟ್ಟಿದ್ದೆ! ಪ್ರೀತಿಲೆ ಕೊಟ್ಟದ್ದನ್ನ ಕಸಕ್ಕ ಹಾಕ್ಲಿಕ್ಕೆ ಮನಸ್ಸರೆ ಹೆಂಗ ಬರ್ತದ ಈ ಮಂದಿಗೆ? ಕರಳು ಅನ್ನೋದು ಅದನೋ ಇಲ್ಲೋ?" ಎಂದು ಕೂಗಾಡಿದೆ. ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು. "ಹೋಗ್ಲಿ ಬಿಡ್ರಿ ಬಾಯಾರ" ಎಂದು ಒಳಗೆ ಅಡಿಕೆ ತರಲು ಹೋದಳು.

ಉರಿ ಆರಿದ ಮೇಲೆ ತಲೆ ಓಡತೊಡಗಿತು. ಈ ವರ್ಷದ ನನ್ನ ಅರಿಶಿನ ಕುಂಕುಮ ಮನೆಯಲ್ಲಿ ಬೇಡ, ಇಲ್ಲೇ ಶೆಡ್ಡಿನ ಮುಂದೆ ಆಗಲಿ. ಹೊಸ ವಾಣ ತರುವುದು ಬೇಡ. ಈ ಚೀಲದಲ್ಲಿರುವುದೇ ವಾಣ. ಅವಳಿಗೆ ಹೇಳಿದಾಗ ಅವಳು ಮೊದಲು ನಂಬಲಿಲ್ಲ, ಆಮೇಲೆ ವ್ಯವಹಾರದ ಮುಖ ಮಾಡಿದಳು. "ಅವು ಈಗ ನನ್ನವು ಅದಾವ್ರಿ. ಶೆಡ್ಡಿಗೆ ಬಂದದ್ದು ನಂದು." ಮಾತು ಸರಿಯಾಗಿಯೇ ಇತ್ತು. "ಅದಕ್ಕ ನಿನ್ನ ಕೇಳ್ಲಿಕತ್ತೀನಿ" ಎಂದೆ. ಬೇಕಾದಷ್ಟು ತೆಗೆದುಕೊಳ್ಳಿ ಎಂದು ಅಪ್ಪಣೆ ಕೊಟ್ಟಳು. ಇಬ್ಬರೂ ಕೂಡಿ ಎಲ್ಲವನ್ನೂ ಸಾಬೂನು ನೀರಿನಲ್ಲಿ ತೊಳೆದು ಬಿಸಿಲಿಗೆ ಇಟ್ಟೆವು.

ವಾಟ್ಸ್ಯಾಪಿನಲ್ಲಿ ಕರೆ ಕಳಿಸಿದೆ. ಜಾಗ ಓದಿ ಇಬ್ಬರು ತಪ್ಪು ಬರೆದಿದ್ದೀರೇನೋ ಎಂದು ಫೋನು ಮಾಡಿದರು. "ಗಣಿತದಾಕಿ ನಾನು, ತಪ್ಪು ಬರಿಯಂಗಿಲ್ಲ" ಎಂದೆ. ಹೇಳಿದ ಹೊತ್ತಿಗೆ ಸುಮಾರು ಇಪ್ಪತ್ತು ಹೆಂಗಸರು ಸಂಕ್ರಾಂತಿಯ ಕಪ್ಪು ಸೀರೆಗಳಲ್ಲಿ ಬಂದರು. ಮೂಗಿಗೆ ಸೆರಗು ಹಿಡಿದು ಬಂದವರು ವಾಸನೆಯೇನೂ ಇಲ್ಲದ್ದು ಕಂಡು ಮೆಲ್ಲನೆ ಸೆರಗು ಬಿಟ್ಟರು. ಜಮಖಾನೆಯ ಮೇಲೆ ಕೂಡಿಸಿ ಕುಂಕುಮ ಹಚ್ಚಿ, ಕುಸುರೆಳ್ಳು ಕೊಟ್ಟು, ಒಬ್ಬೊಬ್ಬರ ಕೈಗೂ ವಾಣ ಇಟ್ಟೆ.

ಮೊದಲು ಯಾರಿಗೂ ಏನೂ ತಿಳಿಯಲಿಲ್ಲ. ಚೇರ್ಮನ್ನರ ಹೆಂಡತಿ ತಮ್ಮ ಕೈಗೆ ಬಂದ ಜಾಲರಿಯನ್ನು ತಿರುವಿ ನೋಡಿದರು, ಇನ್ನೊಮ್ಮೆ ನೋಡಿದರು, ಆಮೇಲೆ ಮುಖ ಕೆಂಪಾಯಿತು. ತಾವೇ ಎರಡು ವರ್ಷಗಳ ಹಿಂದೆ ಹಂಚಿದ ಜಾಲರಿ ಅದು. ಒಂದು ಕ್ಷಣ ನನಗೂ ಅತಿಯಾಯಿತೇನೋ ಅನ್ನಿಸಿತು. ಅಷ್ಟರಲ್ಲಿ ಮೂರನೆಯ ಮಹಡಿಯ ಬೆಳಗಾವಿ ಅಜ್ಜಿ, "ಅಯ್ಯ ಶಿವನ! ಇದು ನಾ ಕೊಟ್ಟದ್ದಲ್ಲ, ನಾ ಒಗದದ್ದು!" ಎಂದು ಹಸಿರು ಸೋಪಿನ ಡಬ್ಬಿಯನ್ನು ಎತ್ತಿ ಹಿಡಿದು ಹೊಟ್ಟೆ ಹುಣ್ಣಾಗುವಂತೆ ನಗತೊಡಗಿದರು. ಅವರು ನಕ್ಕ ಮೇಲೆ ಉಳಿದವರಿಗೆ ತಡೆಯಲಾಗಲಿಲ್ಲ. ಯಾರದು ಯಾರಿಗೆ ಹೋಗಿ ಎಲ್ಲಿಗೆ ಬಂತು ಎಂದು ಹುಡುಕುವುದೇ ಒಂದು ಆಟವಾಯಿತು. ಚೇರ್ಮನ್ನರ ಹೆಂಡತಿಯೂ ಕೊನೆಗೆ ನಕ್ಕರು.

ನಗೆ ಇಳಿದ ಮೇಲೆ ನಾನು ಸುಮ್ಮನೆ ಪಕ್ಕಕ್ಕೆ ಸರಿದೆ. ಮಾತಾಡಿದ್ದು ತಂಗಿ, ಮರಾಠಿಯಲ್ಲಿ. ಉಗುರಿನಿಂದ ಬಡಿದು ತೋರಿಸಿದಳು. ಎರಡು ಡಬ್ಬಿಗಳು, ಎರಡು ಸಪ್ಪಳ, ಎರಡು ಚೀಲ. ಯಾವುದು ಕರಗಿ ಮತ್ತೆ ಏನಾಗುತ್ತದೆ, ಯಾವುದು ಏನೂ ಆಗದೆ ಹಾಗೆಯೇ ಬಿದ್ದಿರುತ್ತದೆ ಎಂದು ಹೇಳಿದಳು. ಊರಾಚೆಯ ಕಸದ ಗುಡ್ಡದ ಕಡೆಯಿಂದ ಗಾಳಿ ಬೀಸಿದಾಗ ನಾವೆಲ್ಲ ಕಿಟಕಿ ಮುಚ್ಚಿಕೊಳ್ಳುತ್ತೇವಲ್ಲ, ಮುಚ್ಚಿದ ಗಾಡಿ ಹೋಗುವುದು ಅಲ್ಲಿಗೇ ಎಂದಳು. ನನ್ನ ಯಾವ ತರಗತಿಯೂ ಅಷ್ಟು ಗಮನ ಕೊಟ್ಟು ಕೇಳಿದ್ದಿಲ್ಲ.

ಭಾನುವಾರದ ಮೀಟಿಂಗಿಗೆ ಸಾಮಾನ್ಯವಾಗಿ ಗಂಡಸರೇ ಬರುತ್ತಿದ್ದರು. ಆ ಸಲ ಮುಂದಿನ ಎರಡು ಸಾಲು ಹೆಂಗಸರದ್ದೇ. ಸ್ಕೂಟರುಗಳಿಗೆ ಗೇಟಿನ ಪಕ್ಕದ ಗೋಡೆಯ ಉದ್ದಕ್ಕೂ ಜಾಗವಿದೆ ಎಂದು ನಾನು ಟೇಪು ಹಿಡಿದು ಅಳೆದ ನಕ್ಷೆ ತೋರಿಸಿದೆ. ಶೆಡ್ಡಿಗೆ ಕೈ ಎತ್ತಿದವರನ್ನು ಎಣಿಸುವುದೇ ಬೇಕಾಗಲಿಲ್ಲ. ಚೇರ್ಮನ್ನರು ತಮ್ಮ ಹೆಂಡತಿಯ ಎತ್ತಿದ ಕೈ ನೋಡಿಯೇ, "ಮಂಜೂರ್" ಎಂದರು.

ಆಗ ಹಿಂದಿನ ಸಾಲಿನಿಂದ ಒಬ್ಬರು ಎದ್ದರು. ಒಳ್ಳೊಳ್ಳೆಯ ವಸ್ತುಗಳು ಶೆಡ್ಡಿಗೆ ಹೋಗುತ್ತಿವೆ ಎಂದಾದರೆ, ಬೇಕಾದವರು ಹೋಗಿ ತಮ್ಮದನ್ನು ವಾಪಸು ತರಬಹುದಲ್ಲ ಎಂದರು. ನನಗೆ ನೆತ್ತಿಗೇರಿತು. "ಒಗದ ಮ್ಯಾಲೆ ಅದು ನಿಮ್ಮದು ಹೆಂಗ?" ಎಂದು ಕನ್ನಡದಲ್ಲೇ ಶುರು ಮಾಡಿ, ಮರಾಠಿಗೆ ಹೊರಳಿ, ಅಲ್ಲಿಯೇ ನಿಂತು ಎರಡನೆಯ ಠರಾವು ಬರೆಸಿದೆ: ಶೆಡ್ಡಿಗೆ ಒಮ್ಮೆ ಬಂದ ವಸ್ತುವಿನ ಮೇಲೆ ಅದನ್ನು ಎಸೆದವರಿಗೆ ಯಾವ ಹಕ್ಕೂ ಇಲ್ಲ, ಅದು ವಿಂಗಡಿಸುವವಳದು, ಯಾರೂ, ಯಾವ ಕಾರಣಕ್ಕೂ, ಅದನ್ನು ತಿರುಗಿ ಕೇಳತಕ್ಕದ್ದಲ್ಲ. 'ಯಾವ ಕಾರಣಕ್ಕೂ' ಎಂಬುದನ್ನು ಸೇರಿಸಿದವಳು ನಾನೇ. ಅದೂ ಪಾಸಾಯಿತು. ಮನೆಗೆ ಬರುವಾಗ ಯಜಮಾನರು, "ಇನ್ನ ನಗರಸೇವಕ ಚುನಾವಣಿಗೆ ನಿಂದ್ರು" ಎಂದು ಚೇಷ್ಟೆ ಮಾಡಿದರು. ನಿಂತರೆ ಗೆಲ್ಲುತ್ತೇನೆ ಎಂದೆ, ಚೇಷ್ಟೆಗಲ್ಲ.

ಸೋಮವಾರ ಬೆಳಗ್ಗೆ ಡಬ್ಬಿ ತುಂಬ ಗೋಧಿ ಬೆಲ್ಲದ ಮಾದ್ಲಿ ಮಾಡಿಕೊಂಡು ಶೆಡ್ಡಿಗೆ ಹೋದೆ. ಅವಳ ಕಣ್ಣು ತುಂಬಿತ್ತು. "ಇವತ್ತರೆ ಒಳಗ ಬಂದು ಕೂಡ್ರಿ" ಎಂದಳು. ಇಷ್ಟು ವರ್ಷಗಳಲ್ಲಿ ಮೊದಲ ಸಲ ಹೊಸ್ತಿಲು ದಾಟಿ ಒಳಗೆ ಹೋದೆ. ರಟ್ಟಿನ ಕಟ್ಟಿನ ಮೇಲೆ ಸೀರೆ ಹಾಸಿ ಕೂಡಿಸಿದಳು. ಮಾದ್ಲಿ ತಿಂದು ಕೈ ಒರೆಸಿಕೊಂಡು, ಗೋಡೆಯ ಹಲಗೆಯ ಮೇಲಿನ ಅಡಿಕೆ ಡಬ್ಬಿಗೆ ಕೈ ಹಾಕಿದಳು.

ಹಳದಿ ಡಬ್ಬಿ, ನೀಲಿ ಮುಚ್ಚಳ. ಮೈಮೇಲೆ ಬಿಳಿ ಪಟ್ಟಿ. ಪಟ್ಟಿಯ ಮೇಲೆ ದಪ್ಪ ಕನ್ನಡ ಅಕ್ಷರಗಳಲ್ಲಿ: ಜೀರಿಗೆ.

ಇಡೀ ಸೊಸೈಟಿಯಲ್ಲಿ ಹಾಗೆ ಬರೆದು ಅಂಟಿಸುವವಳು ಒಬ್ಬಳೇ. ನನ್ನ ಕಿವಿಯವರೆಗೂ ಬಿಸಿ ಏರಿತು.

"ತಂಗಿ, ಇದು..."

"ಹೌದ್ರಿ, ನಾ ಎಳ್ಳುಂಡಿ ತಂದ ಡಬ್ಬಿನ ಅದು" ಎಂದಳು, ಅಡಿಕೆ ಆರಿಸುತ್ತಾ. "ನೀವು ಗಾಜಿನ ಬರಣಿ ತಂದಾಗ ಎರಡು ಚೀಲ ಬಂದಿದ್ವಲ್ಲ, ಅದರಾಗ ಬಂತು. ಜೀರಗಿ ತಳದಾಗ ಇನ್ನೂ ನಾಕ ಕಾಳ ಇದ್ದವು."

"ನನಗ ಒಂದು ಮಾತು ಹೇಳಬಾರದಿತ್ತೇನು?"

"ಏನಂತ ಹೇಳ್ಲಿರಿ? ಹೇಳಿದ್ರ ನೀವು ನಾಚಿಕೊಂಡು ಈ ಕಡೆ ಬರೋದು ಬಿಡ್ತಿದ್ರಿ. ಇಲ್ಲಿ ನಿಂತು ನನ್ನ ಕೂಡ ಮಾತಾಡಾವ್ರು ನೀವೊಬ್ಬರ."

ಆ ದಿನ ಹನ್ನೊಂದು ಸೋಪಿನ ಡಬ್ಬಿ ಮುಂದಿಟ್ಟುಕೊಂಡು ಇದೇ ಬಾಗಿಲಲ್ಲಿ ಪ್ರೀತಿ, ಕರುಳು ಎಂದು ನಾನು ಕೂಗಾಡಿದ್ದು ನೆನಪಾಯಿತು. ಆಗಲೂ ಇವಳು ಎದ್ದು ಹೋಗಿ ಕೈ ಹಾಕಿದ್ದು ಈ ಡಬ್ಬಿಗೇ. ನಾಚಿಕೆಯೆಂದರೆ ಏನೆಂದು ನನಗೆ ಅವತ್ತು ಗೊತ್ತಾಯಿತು. ನನಗೆ ತಪ್ಪಾದರೆ ತಿದ್ದಿಬಿಡಬೇಕು, ಅಲ್ಲಿಯೇ, ಆಗಲೇ.

"ಅದನ್ನ ನಂಗ ವಾಪಸ್ ಕೊಡವಾ. ಇನ್ನ ಜೀವ ಇರೋತನಕ ಇಟ್ಕೋತೀನಿ. ನಾ ನಿನಗ ಅಡಿಕಿಗೆ ಸ್ಟೀಲಿನ ಡಬ್ಬಿ ತಂದು ಕೊಡ್ತೀನಿ."

ಅವಳು ನನ್ನನ್ನು ನೋಡಿ ನಕ್ಕಳು. ಕುಹಕವಿರಲಿಲ್ಲ, ಆದರೆ ಕರಗುವ ನಗೆಯೂ ಅದಲ್ಲ. ಮುಚ್ಚಳವನ್ನು ಗಟ್ಟಿಯಾಗಿ ಒತ್ತಿ ಹಾಕಿ ಡಬ್ಬಿಯನ್ನು ಹಲಗೆಯ ಮೇಲೆ ಮೊದಲಿದ್ದಲ್ಲೇ ಇಟ್ಟಳು.

"ಅದ್ಹೆಂಗ ಆಗ್ತದ್ರಿ ಬಾಯಾರ? ನಿನ್ನೆ ನೀವ ಬರಸೀರಲ್ಲ. ಯಾವ ಕಾರಣಕ್ಕೂ ತಿರುಗಿ ಕೇಳಬಾರದು ಅಂತ."

ನಾನು ಬರೆಸಿದ ಠರಾವು ಮೊದಲು ಜಾರಿಯಾದದ್ದು ನನ್ನ ಮೇಲೆ.

ಅವಳು ಎಂದಿನಂತೆ ಅಡಿಕೆಯ ಕೈ ಚಾಚಿದಳು. ರೂಢಿ ಇಲ್ಲ ಎನ್ನುವ ಮಾತು ನಾಲಿಗೆಯವರೆಗೆ ಬಂದಿತ್ತು. ನುಂಗಿಕೊಂಡು, ಕೈ ಮುಂದೆ ಮಾಡಿ, ಎರಡು ಹೋಳು ತೆಗೆದುಕೊಂಡು ಬಾಯಿಗೆ ಹಾಕಿಕೊಂಡೆ. ಅಡಿಕೆ ಬಹಳ ಗಟ್ಟಿ ಇತ್ತು. ಲಿಫ್ಟಿನವರೆಗೂ ಜಗಿಯುತ್ತಲೇ ಹೋದೆ. ಅದಕ್ಕೆ ಇನ್ನೂ ಸ್ವಲ್ಪ ನಮ್ಮನೆಯ ಜೀರಿಗೆಯ ವಾಸನೆ ಇತ್ತು.